ಗಾದಿಗೆ ತಕ್ಕ ಗಾಡಿ

ಮನೆ ಕಟ್ಟುವವರು ಮೊದಲು ಪಾಯ ತೋಡುತ್ತಾರೆ. ರಾಯಬಾಗದ ಹಾಜಿಮಲಂಗ ಮೊದಲು ಗಾದಿ ಹೊಲಿದ. ಗಾಡಿ ಯಾವುದು, ಎಲ್ಲಿಯದು, ಎಷ್ಟು ಅಗಲದ್ದು ಎಂಬುದು ಅವನಿಗಿನ್ನೂ ಗೊತ್ತಿರಲಿಲ್ಲ. ಆದರೆ ಮಲಗುವ ಸಲುವಾಗಿ ಗಾಡಿ ತರುವುದಾದರೆ ಹಾಸಿಗೆ ಮೊದಲು, ಗಾಡಿ ಆಮೇಲೆ ಎಂಬುದು ಅವನ ತಿಳುವಳಿಕೆ. ಐವತ್ತು ವರ್ಷ ಹತ್ತಿ ಪಿಂಜಿ, ಊರೂರು ತಿರುಗಿ ಗಾದಿ ತುಂಬಿದವನಿಗೆ ಬೇರೆ ತಿಳುವಳಿಕೆ ಎಲ್ಲಿಂದ ಬರಬೇಕು.

ಗಾಡಿ ಬೇಕಾಗಿದ್ದದ್ದು ಅವನ ಹೆಂಡತಿ ತಾಜಬಿಯ ನಿದ್ದೆಗೆ.

ಎರಡು ವರ್ಷದ ಹಿಂದಿನ ಮಾತು. ಮಳೆಗಾಲದಲ್ಲಿ ಮಗ ಅಲ್ತಾಫ ಮೂರು ದಿನ ಜ್ವರ ಬಂದು ಮಲಗಿದ. ಮೂವತ್ತೊಂದು ವರ್ಷದ ಆಳು, ಜ್ವರವೇನು ಜ್ವರ ಅಂದುಕೊಂಡಿದ್ದರು. ತಾಜಬಿ ಎರಡು ರಾತ್ರಿ ರೆಪ್ಪೆ ಹಚ್ಚದೆ ಅವನ ಪಕ್ಕದಲ್ಲಿ ಕೂತಿದ್ದಳು. ಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಗೋಡೆಗೆ ಒರಗಿದವಳಿಗೆ ಜೊಂಪು ಹತ್ತಿತು. ಎಚ್ಚರಾದಾಗ ಮಗ ಇರಲಿಲ್ಲ. ದೇಹ ಇತ್ತು. ಅಂದಿನಿಂದ ಆ ಮನೆಯಲ್ಲಿ ಆಕೆ ನಿದ್ದೆ ಮಾಡಿಲ್ಲ. ಮಲಗುತ್ತಾಳೆ, ಕಣ್ಣು ತೆರೆದೇ ಇರುತ್ತವೆ. ಗುಳಿಗೆ ಕೊಟ್ಟರೆ ಮೈ ಸೋಲುತ್ತದೆ, ಕಣ್ಣು ಮಾತ್ರ ಸೋಲುವುದಿಲ್ಲ. ಮಗಳು ರುಕ್ಸಾರ ತನ್ನ ಮನೆಗೆ, ಚಿಕ್ಕೋಡಿಗೆ, ಕರೆದುಕೊಂಡು ಹೋಗಿ ತಿಂಗಳು ಇಟ್ಟುಕೊಂಡು ನೋಡಿದಳು. ಅಲ್ಲಿಯೂ ಅಷ್ಟೇ. ನಾಲ್ಕು ಗೋಡೆ ಎಲ್ಲಿದ್ದರೂ ನಾಲ್ಕು ಗೋಡೆಯೇ.

ಹಾಜಿಮಲಂಗನಿಗೆ ನಿದ್ದೆ ಬರುತ್ತಿತ್ತು. ಊಟ ಸೇರುತ್ತಿತ್ತು. ಮಣ್ಣು ಕೊಟ್ಟ ದಿನವೂ ಅವನ ಕಣ್ಣಲ್ಲಿ ನೀರು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಎದೆಯೊಳಗೆ ಯಾರೋ ಅರಳೆಯನ್ನು ಒತ್ತಿ ಒತ್ತಿ ತುಂಬಿ ಬಾಯಿ ಹೊಲಿದಂತಿತ್ತು. ಬಡಿದರೆ ಸದ್ದಿಲ್ಲ, ಚುಚ್ಚಿದರೆ ನೋವಿಲ್ಲ. ಜನ ಅವನ ಸಬೂರಿಯನ್ನು, ತಾಳ್ಮೆಯನ್ನು ಹೊಗಳಿದರು. ಅವನು ಹೊಗಳಿಸಿಕೊಂಡು ಸುಮ್ಮನಿದ್ದ.

ಹೀಗಿರುವಾಗ ಒಂದು ದಿನ ಮಿರಜದ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಬಸ್ಸು ತಪ್ಪಿ, ಗುರುತಿನವನೊಬ್ಬನ ಸಾಮಾನಿನ ಟೆಂಪೊದ ಹಿಂದೆ ಕೂತು ಬಂದರು. ಖಾಲಿ ಚೀಲಗಳ ಮೇಲೆ ತಾಜಬಿ ಸೆರಗು ಹೊದ್ದು ಅಡ್ಡಾದಳು. ಕಾಗವಾಡ ದಾಟುವಾಗ ಹಾಜಿಮಲಂಗ ಆಕೆಯ ಮುಖ ನೋಡಿದ. ಬಾಯಿ ಸ್ವಲ್ಪ ತೆರೆದಿತ್ತು. ಗೊರಕೆಯ ಸಣ್ಣ ಎಳೆ ಕೇಳಿಸುತ್ತಿತ್ತು. ಹೊಳೆ ದಾಟಿತು, ಕುಡಚಿ ಬಂತು, ಹೊಂಡ ಬಿದ್ದ ರಸ್ತೆಯಲ್ಲಿ ತಲೆ ಅತ್ತಿತ್ತ ಹೊರಳಿತು. ಆಕೆ ಏಳಲಿಲ್ಲ. ರಾಯಬಾಗದಲ್ಲಿ ಟೆಂಪೊ ನಿಂತಾಗ ಎದ್ದು ಕೂತು, ಏನೋ ಕದ್ದವಳ ಹಾಗೆ ಸೆರಗು ಸರಿಮಾಡಿಕೊಂಡಳು. ಅವನು ಏನೂ ಕೇಳಲಿಲ್ಲ. ಆದರೆ ಮರುದಿನವೇ ಅಳಿಯ ಆಸಿಫನನ್ನು ಕರೆಸಿ, ಒಂದು ಹಳೆಯ ಸಾಮಾನಿನ ಗಾಡಿ ಬೇಕು, ಮುಚ್ಚಿದ್ದು ಬೇಕು, ಒಳಗೆ ಮಲಗುವ ಹಾಗೆ ನಾವೇ ಮಾಡಿಕೊಳ್ಳೋಣ ಎಂದ.

ಆಸಿಫ ಚಿಕ್ಕೋಡಿಯಲ್ಲಿ ಶಾಲೆಯ ಗಾಡಿ ಹೊಡೆಯುತ್ತಾನೆ. ಅದಕ್ಕೂ ಮೊದಲು ನಾಲ್ಕು ವರ್ಷ ಗಾಡಿಗಳ ಬಾಡಿ ಕಟ್ಟುವಲ್ಲಿ ವೆಲ್ಡಿಂಗ್ ಮಾಡಿದವನು. ಮಾವನ ಮಾತು ಕೇಳಿ ಅವನು ನಗಲಿಲ್ಲ. ಬದಲಿಗೆ ಫೋನು ತೆಗೆದು, ದೇಶ ವಿದೇಶದ ಜನ ಇಂಥ ಗಾಡಿಗಳಲ್ಲಿ ಮನೆ ಮಾಡಿಕೊಂಡದ್ದನ್ನು ತೋರಿಸಿದ. ಒಲೆ, ನೀರಿನ ನಳ, ಫ್ರಿಜ್ಜು, ಗೋಡೆಗೆ ಕಟ್ಟಿಗೆಯ ಹಲಗೆ. ಹಾಜಿಮಲಂಗ ಎಲ್ಲವನ್ನೂ ಕೊನೆಯತನಕ ನೋಡಿ, ಇವರು ಮಲಗಿದಾಗ ಕಾಲು ಎಲ್ಲಿ ಚಾಚುತ್ತಾರೆ ಎಂದಷ್ಟೇ ಕೇಳಿದ. ಆಸಿಫನಿಗೂ ಅದು ಕಂಡಿರಲಿಲ್ಲ. ಮತ್ತೆ ಮೊದಲಿನಿಂದ ನೋಡಿದರು.

ಇಬ್ಬರೂ ಕೂತು ಬೇಕು ಬೇಡಗಳನ್ನು ಗೊತ್ತುಮಾಡಿದರು. ಒಲೆ ಬೇಡ, ಕೊಡ ಇದ್ದರೆ ಸಾಕು. ಬಗಲಿಗೆ ಸರಿಯುವ ಬಾಗಿಲು ಬೇಕು, ತಾಜಬಿಗೆ ಹಿಂದಿನಿಂದ ಹತ್ತಲು ಮೊಣಕಾಲು ಏಳುವುದಿಲ್ಲ. ಚಾವಣಿಗೆ ಒಳಗಿನಿಂದ ಅರಳೆಯ ಹಾಸು ಹೊಲಿದು ಬಡಿಯುವುದು ಹಾಜಿಮಲಂಗನ ಕೆಲಸ, ಬಿಸಿಲಿನ ಕಾವು ತಡೆಯುತ್ತದೆ. ಕಿಟಕಿ ಕೊರೆಯುವುದು, ಕಾಗದಪತ್ರ ಬದಲಿಸುವುದು, ದರದ ಮಾತು, ಶಾಲೆಗೆ ರಜೆಯಿದ್ದಾಗ ಗಾಡಿ ಹೊಡೆಯುವುದು ಆಸಿಫನ ಪಾಲಿಗೆ. ಗಾಡಿ ಬಂದ ಮೇಲೆ ಮೊದಲಿನ ಹಾಗೆ ಊರೂರು ತಿರುಗುವುದು. ಚಿಂಚಲಿ, ಅಲಖನೂರ, ಬೇಡಕಿಹಾಳ. ಯಾವ ಊರಲ್ಲಿ ಯಾರ ಮನೆಯ ಮದುವೆಗೆ ಎಷ್ಟು ಗಾದಿ ತುಂಬಿದ್ದೆ ಎಂಬುದು ಹಾಜಿಮಲಂಗನ ತಲೆಯಲ್ಲಿ ಇನ್ನೂ ಹಾಗೇ ಇದೆ. ಈಗ ಅಂಗಡಿಯ ಸ್ಪಂಜಿನ ಗಾದಿ ಬಂದು ಕರೆಯುವವರು ಕಡಿಮೆ. ಆದರೂ ಹಳೆಯ ಗಾದಿ ಬಿಚ್ಚಿ ಪಿಂಜಿಸುವವರು ಪ್ರತಿ ಊರಲ್ಲೂ ಎರಡು ಮನೆಯಾದರೂ ಇದ್ದಾರೆ. ಕೆಲಸ ಒಂದು ನೆಪ. ಗಾಡಿ ಓಡುತ್ತಿರಬೇಕು, ಆಕೆ ಮಲಗಬೇಕು.

ತಾಜಬಿ ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ. ಪಟ್ಟೆಪಟ್ಟೆಯ ದಪ್ಪ ಬಟ್ಟೆ ತರಿಸಿ, ಅಂಗಳದಲ್ಲಿ ಹಾಸಿ, ಕತ್ತರಿಸಿ, ಗಾದಿಯ ಗವಸು, ಅಂದರೆ ಖೋಳ, ಹೊಲಿದು ಗಂಡನ ಮುಂದೆ ಇಟ್ಟಳು. ಅವರ ಮನೆತನದ ಪದ್ಧತಿ ಅದು. ಬಟ್ಟೆ ಕತ್ತರಿಸುವುದು ಹೆಂಗಸು, ತುಂಬುವುದು ಗಂಡಸು. ತುಂಬುವವನು ಅಳತೆ ಕೇಳುವುದಿಲ್ಲ. ಖೋಳ ಎಷ್ಟು ಬೇಡುತ್ತದೋ ಅಷ್ಟು ಅರಳೆ ಕೊಡುತ್ತಾನೆ. ಹಾಜಿಮಲಂಗ ಎರಡು ದಿನದಲ್ಲಿ ತುಂಬಿದ, ದಬ್ಬಣದಿಂದ ಅರಳೆ ಸರಿಯದಂತೆ ಅಲ್ಲಲ್ಲಿ ಹಿಡಿದು ನಿಲ್ಲಿಸುವ ಗುದ್ದು ಹಾಕಿದ, ಅಂಚು ಕಟ್ಟಿದ. ಕೈ ತನ್ನ ಪಾಡಿಗೆ ತಾನು ನಡೆದಿತ್ತು. ಅವನು ಅದನ್ನು ಪಕ್ಕದವನ ಕೈಯ ಹಾಗೆ ನೋಡುತ್ತ ಕೂತಿದ್ದ.

ರವಿವಾರ ಶಾಲೆಗೆ ರಜೆ. ಶಾಲೆಯವರನ್ನು ಕೇಳಿಕೊಂಡು ಆಸಿಫ ಅವರ ಗಾಡಿ ತಂದ. ಗಾದಿ ಸುರುಳಿ ಸುತ್ತಿ, ಮೇಲಿನ ಕ್ಯಾರಿಯರಿಗೆ ಹಗ್ಗ ಬಿಗಿದು, ಹಾಸಿ ನೋಡಿಯೇ ಗಾಡಿ ಕೊಳ್ಳುವುದೆಂದು ಹುಡುಕಲು ಹೊರಟರು. ದಾರಿಯಲ್ಲಿ ಸಿಕ್ಕವರೆಲ್ಲ ಯಾರ ಮನೆಯ ಮದುವೆ ಎಂದು ಕೇಳಿದರು. ಚಿಕ್ಕೋಡಿಯ ಬಸವೇಶ್ವರ ಸರ್ಕಲ್ಲಿನಲ್ಲಿ ಚಹಾದಂಗಡಿಯವನು, ಚಾಚಾ, ಈ ವಯಸ್ಸಿನಾಗ ಹೊಸ ಗಾದಿ ಯಾರಿಗೆ ಎಂದು ಕಣ್ಣು ಹೊಡೆದ. ಆಸಿಫನೇ ನಾಚಿಕೊಂಡ. ಹಾಜಿಮಲಂಗ ಚಹಾ ಕುಡಿದು ಲೋಟ ಇಟ್ಟ. ಸಕ್ಕರೆ ಹಾಕಿದ್ದನೋ ಇಲ್ಲವೋ ಅವನಿಗೆ ತಿಳಿಯಲಿಲ್ಲ.

ಚಿಕ್ಕೋಡಿಯಲ್ಲಿ ನೋಡಿದ ಮೊದಲ ಗಾಡಿ ಹಾಲಿನ ಕ್ರೇಟು ಹೊತ್ತದ್ದು. ಇಂಜಿನ್ನು ಚೆನ್ನಾಗಿದೆ ಎಂದು ಆಸಿಫ ಖುಷಿಪಟ್ಟ. ಹಾಜಿಮಲಂಗ ಒಳಗೆ ಹತ್ತಿ, ಹಾಸಿಗೆ ಬರಬೇಕಾದ ಕಡೆ ಒಂದು ಇಟ್ಟಂಗಿ ಎತ್ತರಕ್ಕೆ ತನ್ನ ಚೀಲ ಹಾಕಿಕೊಂಡು ಕೂತ. ಟೋಪಿ ಚಾವಣಿಗೆ ತಾಗಿತು. ತಗ್ಗು ಆಯಿತು ಎಂದ.

ಮಾರುವವನು ಬಾಗಿಲಿಗೆ ಕೈ ಹಚ್ಚಿ ನಿಂತಿದ್ದ. “ಅಲ್ರೀ ಅಜ್ಜಾ, ಮಲಗಾಕ ಅಂತೀರಿ. ಮಲಗವರು ಕುಂದ್ರೂದ ಯಾಕ ಬೇಕು?”

“ನಿದ್ದಿ ಬರದವರು ಕುಂತ ಇರ್ತಾರಪಾ,” ಅಂದ ಹಾಜಿಮಲಂಗ, ಇಳಿದು ಬಂದ.

ಅಲ್ಲಿಂದ ನಿಪ್ಪಾಣಿ. ಹೈವೇ ಬದಿಯಲ್ಲಿ ರಾವಸಾಹೇಬ ಎಂಬವನು ಹಳೆಯ ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡಿದ್ದ. ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ, ತಂಬಾಕು ತಿಕ್ಕುತ್ತಲೇ ಮಾತಾಡುವ ಆಸಾಮಿ. ಅವನಲ್ಲಿ ಬೇಕರಿಯ ಗಾಡಿಯೊಂದಿತ್ತು. ಎತ್ತರದ್ದು, ಬಾಗಿಲು ಬಗಲಿಗೆ ಸರಿಯುವಂಥದು. ಒಳಗಿನ್ನೂ ಬ್ರೆಡ್ಡಿನ ವಾಸನೆ. ನೆಲಕ್ಕೆ ಹೊಸ ತಗಡು ಬಡಿದು, ಅದರ ಮೇಲೆ ರಬ್ಬರು ಹಾಸಿ ಚಂದ ಮಾಡಿದ್ದ. ಆಸಿಫನ ಮನಸ್ಸು ಅಲ್ಲೇ ನಿಂತಿತು. ಈ ಕಡೆ ಹಲಗೆ, ಆ ಕಡೆ ಡಬ್ಬಿ, ಇಲ್ಲೊಂದು ಫ್ಯಾನು ಎಂದು ಬೆರಳು ಮಾಡಿ ತೋರಿಸತೊಡಗಿದ.

ಹಾಜಿಮಲಂಗ ಜೇಬಿನಿಂದ ದಬ್ಬಣ ತೆಗೆದ. ಮಾರುವ ಗಾದಿಯ ಬಗ್ಗೆ ಅವನಿಗೆ ಒಂದು ಅನುಭವ ಇತ್ತು. ಮೋಸಗಾರರು ಹೊಟ್ಟೆಯಲ್ಲಿ ಹಳೆಯ ಕೊಳಕು ಅರಳೆ ತುಂಬಿ ಮೇಲೆ ನಾಲ್ಕು ಬೆರಳು ಹೊಸದು ಹಾಸುತ್ತಾರೆ. ಮೇಲೆ ಕೈಯಾಡಿಸಿದರೆ ತಿಳಿಯುವುದಿಲ್ಲ. ಅಂಚಿನಲ್ಲಿ ದಬ್ಬಣ ಹಾಕಿ ಎಳೆದರೆ ಒಳಗಿನದು ಅದರ ಮೊನೆಗೆ ಅಂಟಿ ಬರುತ್ತದೆ. ಅವನು ಮಂಡಿಯೂರಿ, ರಬ್ಬರು ಎತ್ತಿ, ಹೊಸ ತಗಡು ಗೋಡೆಗೆ ಕೂಡುವ ಮೂಲೆಯಲ್ಲಿ ದಬ್ಬಣ ಇಟ್ಟು ಒತ್ತಿದ. ರೊಟ್ಟಿಯಲ್ಲಿ ಇಳಿದ ಹಾಗೆ ಇಳಿಯಿತು. ಎಳೆದಾಗ ತುದಿಗೆ ಕೆಂಪು ತುಕ್ಕಿನ ಪುಡಿ.

“ಕಾಯ ಹೋ ಚಾಚಾ,” ಅಂದ ರಾವಸಾಹೇಬ, ಬೇಜಾರಿಲ್ಲದೆ. “ಗಾಡಿಗೆ ಇಂಜೆಕ್ಷನ್ ಮಾಡಾಕ ಬಂದೀರೇನು?”

ಆಸಿಫ ಗಾಡಿಯ ಕೆಳಗೆ ತೂರಿ ನೋಡಿ, ಎದ್ದು ಮೈ ಜಾಡಿಸಿಕೊಂಡ. ನೆಲ ಪೂರ್ತಿ ಹೋಗಿದೆ ಎಂದ. ರಾವಸಾಹೇಬ ತಂಬಾಕು ಬಾಯಿಗೆ ಹಾಕಿಕೊಂಡು, ಹಾಗಿದ್ದರೆ ಕಾಗವಾಡಕ್ಕೆ ಹೋಗಿ, ಅಲ್ಲಿ ಬಾಹುಬಲಿ ಅಂತ ದ್ರಾಕ್ಷಿ ತೋಟದವರಿದ್ದಾರೆ, ಅವರ ಮಣೂಕದ ಗಾಡಿ ಕೊಡುವುದಿದೆಯಂತೆ, ಇಂಜೆಕ್ಷನ್ ಅಲ್ಲಿ ಇಳಿಯಲಿಕ್ಕಿಲ್ಲ ಎಂದ. ದಾರಿಗೆಂದು ಒಂದು ಚಿಟಿಕೆ ತಂಬಾಕನ್ನೂ ಕೊಟ್ಟ.

ಊಟದ ಹೊತ್ತು ಮೀರಿ ಕಾಗವಾಡ ಮುಟ್ಟಿದರು. ಬಾಹುಬಲಿ ಮಿತಭಾಷಿ ಮನುಷ್ಯ. ಒಣದ್ರಾಕ್ಷಿಯ ಪೆಟ್ಟಿಗೆಗಳನ್ನು ಸಾಂಗಲಿಯ ಪೇಟೆಗೆ ಸಾಗಿಸಲು ಇಟ್ಟುಕೊಂಡಿದ್ದ ಗಾಡಿ ಅದು. ಮಣೂಕದ ಮೇಲೆ ಹನಿ ನೀರು ಬಿದ್ದರೆ ಮಾಲು ಹಾಳು, ಹಾಗಾಗಿ ಚಾವಣಿಯ ಒಂದೊಂದು ಸಂದನ್ನೂ ಪ್ರತಿ ಮಳೆಗಾಲಕ್ಕೆ ಮುಚ್ಚಿಸುತ್ತ ಬಂದಿದ್ದ. ಹಾಜಿಮಲಂಗ ಮೂಲೆಮೂಲೆಗೆ ದಬ್ಬಣ ಒತ್ತಿದ. ಎಲ್ಲಿಯೂ ಇಳಿಯಲಿಲ್ಲ. ಕೂತ. ಟೋಪಿಗೂ ಚಾವಣಿಗೂ ನಡುವೆ ಒಂದು ಗೇಣು ಉಳಿಯಿತು. ಆಸಿಫ ಇಂಜಿನ್ನು ಚಾಲೂ ಮಾಡಿ ಕಿವಿ ಕೊಟ್ಟ, ಬಂದ್ ಮಾಡಿ ತಲೆ ಆಡಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗಾಡಿ ಸಿಕ್ಕಿತ್ತು.

ಗಾದಿ ಇಳಿಸಿ ಒಳಗೆ ಹಾಸಿದರು.

ಸುರುಳಿ ಬಿಚ್ಚಿಕೊಳ್ಳುತ್ತ ಹೋಯಿತು, ಗೋಡೆ ಮುಟ್ಟಿತು, ಅಲ್ಲಿಗೂ ಮುಗಿಯದೆ ಗೋಡೆ ಹತ್ತಿ ನಿಂತಿತು. ಆಸಿಫ ತಿರುವಿ ಹಾಸಿದ. ಆ ಕಡೆಯಿಂದಲೂ ಅಷ್ಟೇ. ಟೇಪು ತೆಗೆದು ಗಾಡಿಯ ಒಳಮೈ ಅಳೆದ, ನಾಲ್ಕೂವರೆ ಫೂಟು. ಗಾದಿ ಅಳೆದ, ಆರಕ್ಕೆ ಆರು.

“ಮಾಮಾ, ಇಬ್ಬರಿಗೆ ಇಷ್ಟ ಅಗಲ ಯಾಕ ಹೊಲದ್ರಿ?”

ಹಾಜಿಮಲಂಗ ಗಾಡಿಯೊಳಗೆ ಮಂಡಿಯೂರಿದ. ಬಗ್ಗಿ ಅಂಚಿನ ಮೇಲೆ ಮೊಣಕೈ ಇಟ್ಟು ತನ್ನ ಅಳತೆಯಲ್ಲಿ ಅಳೆಯತೊಡಗಿದ. ತನಗೆ ಒಂದು ಮೊಳ ಒಂದು ಗೇಣು. ಆಕೆಗೆ ಒಂದು ಮೊಳ ಒಂದು ಗೇಣು. ಅಲ್ಲಿಗೆ ಗಾಡಿಯ ಅಗಲ ಮುಗಿಯುತ್ತಿತ್ತು. ಆಚೆ ಇನ್ನೊಂದು ಮೊಳ ಉಳಿದಿತ್ತು. ಸರಿಯಾಗಿ ಒಂದು ಮೊಳ, ಬೆರಳು ಹೆಚ್ಚಿಲ್ಲ, ಬೆರಳು ಕಡಿಮೆಯಿಲ್ಲ.

ರುಕ್ಸಾರ ಇನ್ನೂ ಹುಟ್ಟಿರದ ಕಾಲದಲ್ಲಿ ಅವರು ಮೂವರೇ ಊರೂರು ತಿರುಗುತ್ತಿದ್ದರು. ಬೆನ್ನಿಗೆ ಪಿಂಜುವ ಬಿಲ್ಲು, ತಲೆಯ ಮೇಲೆ ಒಂದೇ ಗಾದಿ. ಯಾರದೋ ಕಟ್ಟೆಯ ಮೇಲೆ ಹಾಸಿ, ಅತ್ತ ಒಬ್ಬರು ಇತ್ತ ಒಬ್ಬರು, ನಡುವೆ ಮಗು. ಕೆಳಗೆ ಬೀಳಬಾರದು ಅಂತ ನಡುವೆ. ಆ ಗಾದಿಯ ಅಳತೆ ಇಬ್ಬರ ಕೈಯಲ್ಲೂ ಹಾಗೇ ಉಳಿದುಬಿಟ್ಟಿತ್ತು. ಮಗ ಮೂವತ್ತೊಂದರವನಾಗಿ ಹೋದ. ಮೊಳದ ಜಾಗ ಬೆಳೆಯದೆ ಅಲ್ಲೇ ಇತ್ತು.

ಅವನು ಎದ್ದು ನಿಂತು, ನನ್ನದು ತಪ್ಪಾಯಿತು, ತುಂಬುವಾಗ ನೋಡಲಿಲ್ಲ ಎಂದ. ಆಸಿಫನಿಗೆ ಅರ್ಥವಾಯಿತೋ ಏನೋ, ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. ಮಿರಜದಲ್ಲಿ ದೊಡ್ಡ ಗಾಡಿಗಳು ಸಿಗುತ್ತವೆ, ನೋಡೋಣವೇ ಎಂದು ಕೇಳಿದ. ದೊಡ್ಡ ಗಾಡಿ ಹಳ್ಳಿಯ ಓಣಿಯಲ್ಲಿ ತಿರುಗುವುದಿಲ್ಲ ಎಂದ ಹಾಜಿಮಲಂಗ. ಹಾಗಾದರೆ ಇಲ್ಲೇ ಬಿಚ್ಚಿ ಒಂದು ಮೊಳ ತೆಗೆದುಬಿಡೋಣ ಎಂದ ಆಸಿಫ. ಹಾಜಿಮಲಂಗ ಗಾದಿಯನ್ನು ಮತ್ತೆ ಸುರುಳಿ ಸುತ್ತತೊಡಗಿದ. ಬಾಹುಬಲಿ ಎಂಟು ದಿನ ತಡೆಯುತ್ತೇನೆ, ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದ.

ಮನೆಯಲ್ಲಿ ಕೇಳಲಿಲ್ಲ. ಗಾದಿಯನ್ನು ಪಡಸಾಲೆಯ ಗೋಡೆಗೆ ನಿಲ್ಲಿಸಿ, ಗಾಡಿ ಒಂದು ಇದೆ, ನೀನೂ ಬಂದು ನೋಡು ಎಂದಷ್ಟೇ ಹೇಳಿದ. ಹೇಗೆ ಹೇಳಬೇಕು. ಆ ಮೊಳ ತೆಗೆ ಎಂದು ಆಕೆಗೆ ಹೇಳುವುದೆಂದರೆ ಎರಡನೆಯ ಸಲ ಮಣ್ಣು ಕೊಟ್ಟ ಹಾಗೆ. ತೆಗೆಯದಿದ್ದರೆ ಗಾಡಿ ಇಲ್ಲ, ಗಾಡಿ ಇಲ್ಲದಿದ್ದರೆ ನಿದ್ದೆ ಇಲ್ಲ. ಆ ವಾರವೆಲ್ಲ ಆಕೆ ಕಣ್ಣು ತೆರೆದು ಮಲಗಿದ್ದಳು, ಅವನು ಪಕ್ಕದಲ್ಲಿ ನಿದ್ದೆ ಮಾಡಿದ. ನಿದ್ದೆ ಬಂದದ್ದಕ್ಕೆ ನಾಚಿಕೆಯೂ ಆಗಲಿಲ್ಲ. ನಾಚಿಕೆಯಾಗುವ ಜಾಗದಲ್ಲಿಯೂ ಅರಳೆಯೇ ತುಂಬಿತ್ತು.

ಮುಂದಿನ ರವಿವಾರ ಮೂವರೂ ಗಾದಿಯನ್ನೂ ಹೇರಿಕೊಂಡು ಶಾಲೆಯ ಗಾಡಿಯಲ್ಲಿ ಕಾಗವಾಡಕ್ಕೆ ಹೋದರು. ಬಾಹುಬಲಿ ಗಾಡಿಯನ್ನು ಬೇವಿನ ನೆರಳಿಗೆ ನಿಲ್ಲಿಸಿ, ಒಳಗೆ ಗುಡಿಸಿಟ್ಟಿದ್ದ. ತಾಜಬಿ ಬಗಲಿನ ಬಾಗಿಲಿನಿಂದ ತಾನಾಗಿಯೇ ಹತ್ತಿದಳು. ಗೋಡೆ ಮುಟ್ಟಿ ನೋಡಿದಳು, ಚಾವಣಿ ನೋಡಿದಳು, ಸಿಹಿ ವಾಸನೆಗೆ ಮೂಗು ಅರಳಿಸಿ, ಇರುವೆ ಬಂದಾವು ಎಂದಳು. ಆಮೇಲೆ ಗಾದಿ ಎಲ್ಲಿ ಎಂದು ಕೇಳಿದಳು. ಆಸಿಫ ಮಾವನ ಮುಖ ನೋಡಿದ. ತರದೆ ಗತಿ ಇರಲಿಲ್ಲ. ತಂದು ಹಾಸಿದರು. ಅಂಚು ಮತ್ತೆ ಗೋಡೆ ಹತ್ತಿ ನಿಂತಿತು.

ಹಾಜಿಮಲಂಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ತೆಗೆದ. ತಾನು ಲಕ್ಷ್ಯ ಕೊಡದೆ ತುಂಬಿದೆ, ವಯಸ್ಸಾಯಿತು, ಕೈ ತಪ್ಪಿತು ಎಂದ.

ತಾಜಬಿ ಗೋಡೆ ಹತ್ತಿದ ಅಂಚನ್ನು ಅಂಗೈಯಿಂದ ಕೆಳಗೆ ಒತ್ತಿದಳು. ಕೈ ಬಿಟ್ಟರೆ ಮತ್ತೆ ಏಳುತ್ತಿತ್ತು.

“ನಿಮ್ದೇನ್ ತಪ್ಪಿಲ್ರಿ,” ಅಂದಳು. “ಅರಿವಿ ಕತ್ತರಿಸಿದಾಕಿ ನಾ. ಮೂರು ಮಂದಿದು ಅಂತ ಗೊತ್ತಿದ್ದ ಕತ್ತರಿಸೇನಿ.”

ಅವನು ಗಾದಿಯ ಇನ್ನೊಂದು ಅಂಚಿನ ಮೇಲೆ ಕೂತ.

“ನೀವ್ ತುಂಬಾಕತ್ತಾಗ ಕೇಳ್ತೀರಿ ಅಂತ ಕುಂತಿದ್ದೆ. ಯಾಕ ಇಷ್ಟ ಅಗಲ ಅಂತ. ಕೇಳಲಿಲ್ಲ ನೀವು. ಎರಡು ವರ್ಷ ಆತು, ಏನೂ ಕೇಳಿಲ್ಲ.”

ಹೊರಗೆ ಆಸಿಫ ಚಪ್ಪಲಿ ಮೆಟ್ಟಿ ಬಾಹುಬಲಿಯ ಜೊತೆ ತೋಟದ ಕಡೆ ನಡೆದುಬಿಟ್ಟ. ಹಾಜಿಮಲಂಗನಿಗೆ ಏನಾದರೂ ಹೇಳಬೇಕೆನಿಸಿತು. ಎದೆಯ ಹೊಲಿಗೆಯಲ್ಲಿ ಎಲ್ಲೋ ಒಂದು ಎಳೆ ಎಳೆದಂತಾಯಿತು, ಬಿಚ್ಚಲಿಲ್ಲ.

“ಏನಂತ ಕೇಳಬೇಕಾಗಿತ್ತು ತಾಜಾ?” ಅಂದ ಕೊನೆಗೆ.

ಆಕೆ ಆ ಅಂಚಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ಆಮೇಲೆ, “ದಬ್ಬಣ ತಂದೀರೇನು? ಬಿಚ್ಚರಿ,” ಅಂದಳು.

ತುಂಬಿ ಗುದ್ದು ಹಾಕಿದ ಗಾದಿಯನ್ನು ಅವರಲ್ಲಿ ಅರ್ಧಕ್ಕೆ ಕೊಯ್ಯುವುದಿಲ್ಲ. ಗುದ್ದುಗಳನ್ನು ಒಂದೊಂದಾಗಿ ಬಿಚ್ಚಿ, ಅಂಚು ತೆರೆದು, ಅರಳೆ ಹೊರಗೆ ತೆಗೆದು, ಖೋಳ ಕಿರಿದು ಮಾಡಿ ಮತ್ತೆ ತುಂಬಬೇಕು. ಇಬ್ಬರೂ ಎದುರುಬದುರು ಕೂತು ಬಿಚ್ಚಿದರು. ಹಾಜಿಮಲಂಗ ಗೋಡೆಯ ಕಡೆಯ ಅರಳೆಯನ್ನು ಹಿಡಿಹಿಡಿಯಾಗಿ ತೆಗೆದು ಗಾಡಿಯ ಮುಂದಿನ ಮೂಲೆಯಲ್ಲಿ ಗುಡ್ಡೆ ಹಾಕಿದ. ಹೊಸ ಅರಳೆ, ಗುಡ್ಡೆ ಮೊಣಕಾಲೆತ್ತರ ಬಂತು. ತಾಜಬಿ ಖೋಳದ ಬಟ್ಟೆಯನ್ನು ಮೊಳ ಹಾಕಿ ಅಳೆದು, ಹಲ್ಲಿನಿಂದ ಕಚ್ಚಿ, ಉದ್ದಕ್ಕೆ ಹರಿದಳು. ಹರಿದ ಪಟ್ಟಿಯನ್ನು ಮಡಚಿ ಇಟ್ಟಳು. ಇಟ್ಟವಳು ಅರಳೆಯ ಗುಡ್ಡೆಗೆ ಬೆನ್ನು ಕೊಟ್ಟು ಕಾಲು ಚಾಚಿದಳು. ಆಯಾಸವಾಯಿತು, ನೀವು ಅಂಚು ಹಾಕಿ ಎಂದಳು.

ಅವನು ಅಂಚು ಹಾಕತೊಡಗಿದ. ನೂಲು ದಪ್ಪ ಬಟ್ಟೆಯಲ್ಲಿ ಎಳೆದಾಗ ಬರುವ ಸದ್ದೊಂದೇ. ಹತ್ತು ಹೊಲಿಗೆ, ಹನ್ನೆರಡು ಹೊಲಿಗೆ ಆಗಿರಬೇಕು. ನೂಲಿನ ಉಂಡೆ ಕೊಡು ಎಂದ. ಕೊಡಲಿಲ್ಲ. ತಿರುಗಿ ನೋಡಿದ.

ತಾಜಬಿ ಗುಡ್ಡೆಯೊಳಗೆ ಒಂದು ಕಡೆಗೆ ವಾಲಿದ್ದಳು. ಅರಳೆ ಆಕೆಯ ಕಿವಿಯ ತನಕ ಏರಿತ್ತು. ಕಣ್ಣು ಮುಚ್ಚಿದ್ದವು. ಗಾಡಿ ಓಡುತ್ತಿರಲಿಲ್ಲ, ಇಂಜಿನ್ನು ಚಾಲೂ ಇರಲಿಲ್ಲ, ಹಗಲು ಎರಡು ಗಂಟೆಯ ಹೊತ್ತು.

ಹಾಜಿಮಲಂಗ ಆಕೆಯ ಎದೆ ಏರಿಳಿಯುವುದನ್ನು ನೋಡಿದ. ಸಂತೋಷವಾಗಬೇಕಿತ್ತು. ಆಗಿದೆಯೇ ಎಂದು ಒಳಗೆ ಹುಡುಕಿದ, ಕೈಗೆ ಏನೂ ಸಿಗಲಿಲ್ಲ. ಸಿಗದಿದ್ದರೂ ಆಕೆ ಮಲಗಿದ್ದಳು, ಅದಷ್ಟು ಸತ್ಯ. ನೂಲನ್ನು ಹಲ್ಲಿನಿಂದ ಕಡಿದು ಮತ್ತೆ ಹೊಲಿಗೆಗೆ ಕೂತ. ಅಂಚು ಮುಗಿಯುತ್ತ ಬಂದಾಗ, ತಾನು ಅಲ್ಲಾಡಿದರೆ ಎದ್ದಾಳು ಎನಿಸಿ, ನಾಲ್ಕು ಹೊಲಿಗೆ ಬಿಚ್ಚಿ ಮತ್ತೆ ಅವನ್ನೇ ಹಾಕಿದ.

ಬಾಹುಬಲಿ ಚಹಾ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತ. ಒಳಗೆ ನೋಡಿ ಲೋಟಗಳನ್ನು ಸದ್ದಾಗದಂತೆ ಗಾಡಿಯ ಅಂಚಿಗೆ ಇಟ್ಟ.

“ಗಾಡಿದು ಹ್ಯಾಂಗ ಮಾಡೂದ್ರಿ ಮತ್ತ?” ಎಂದು ಪಿಸುಮಾತಿನಲ್ಲಿ ಕೇಳಿದ.

“ಇದ ಇರಲಿ,” ಅಂದ ಹಾಜಿಮಲಂಗ. “ಆಕಿ ಏಳೂತನಕ ಇಲ್ಲೇ ನಿಲ್ಲಲಿ, ಆಮ್ಯಾಲ ಒಯ್ತೀವ್ರಿ.”

ಬಾಹುಬಲಿ ಆಗಲಿ ಎಂದು ತಲೆ ಅಲ್ಲಾಡಿಸಿ ಹೋದ. ಬೇವಿನ ನೆರಳು ಸರಿದು ಬಿಸಿಲಿನ ಒಂದು ಪಟ್ಟಿ ತಾಜಬಿಯ ಪಾದದ ಮೇಲೆ ಬಿದ್ದಿತ್ತು. ಹಾಜಿಮಲಂಗ ದಬ್ಬಣ ಬಟ್ಟೆಗೆ ಚುಚ್ಚಿಟ್ಟು, ಬಗಲಿನ ಬಾಗಿಲನ್ನು ಬೆರಳಷ್ಟು ಬೆರಳಷ್ಟು ಎಳೆಯುತ್ತ ಬಂದ. ಗಾಳಿಯಾಡುವಷ್ಟು ಸಂದು ಬಿಟ್ಟು, ಮುಚ್ಚಿದ.